ಬೀರೋಬಾನ ಮುಂದೆ ತೆರೆದ ಲಸಿಕೆಯ ಡಬ್ಬಿ

ಜೂನ್ 9, ಬೆಳಿಗ್ಗೆ 9 ಗಂಟೆ 10 ನಿಮಿಷ. ವಿಜಾಪುರ ರಸ್ತೆಯ ನನ್ನ ಬಾಡಿಗೆ ಕೋಣೆಯಲ್ಲಿ ಥರ್ಮೋಕಾಲ್ ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ. ಒಳಗೆ ಅರ್ಧ ಲೀಟರಿನ ನಾಲ್ಕು ಬಾಟಲಿ. ಒಂದೊಂದರಲ್ಲಿ 450 ಗ್ರಾಂ ಬರ್ಫ, ಅಂದರೆ ಮಂಜುಗಡ್ಡೆ, ಒಟ್ಟು 1800 ಗ್ರಾಂ. ಕೋಣೆಯಲ್ಲಿ 33 ಡಿಗ್ರಿ, ಡಬ್ಬಿಯೊಳಗೆ 6.4, ಇನ್ನೂ ಇಳಿಯುತ್ತಿತ್ತು. ಇಷ್ಟನ್ನು ಡೈರಿಯಲ್ಲಿ ಬರೆದು, ಕೆಳಗೊಂದು ಗೆರೆ ಎಳೆದು, ಡಬ್ಬಿಯನ್ನು ಎತ್ತಿಕೊಂಡು ಹೊರಟೆ.

ನನಗೆ ಬರೆದಿಡುವ ಚಟ. ಬಸ್ಸು ಎಷ್ಟು ನಿಮಿಷ ತಡವಾಯಿತು, ಮೆಸ್ಸಿನಲ್ಲಿ ವಾರಕ್ಕೆ ಎಷ್ಟು ಸಲ ಬಟಾಟೆ ಪಲ್ಯ ಬಂತು, ಮನೆಯೊಡತಿಯ ಫ್ರಿಜ್ ಗಂಟೆಗೆ ಎಷ್ಟು ಸಲ ಗುಂಯ್‌ಗುಡುತ್ತದೆ, ಎಲ್ಲವೂ ನನ್ನ ಡೈರಿಯಲ್ಲಿವೆ. ಇವು ಯಾವುದಕ್ಕೂ ಉಪಯೋಗಕ್ಕೆ ಬಂದಿರಲಿಲ್ಲ. ಆ ದಿನ ಮಾತ್ರ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸೊಲ್ಲಾಪುರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೆಯ ವರ್ಷದಲ್ಲಿದ್ದೇನೆ. ನಮ್ಮ ಮನೆ ಅಕ್ಕಲಕೋಟ ತಾಲೂಕಿನ ತಡವಳದಲ್ಲಿ. ನಮ್ಮದು ಕುರಿ ಸಾಕುವ ಮನೆ. ಅಪ್ಪ ಮತ್ತು ಅವ್ವ ಬೇಸಿಗೆಯಲ್ಲಿ ಹಿಂಡಿನ ಅರ್ಧವನ್ನು ಹೊಡೆದುಕೊಂಡು ನದಿಯ ಕಡೆ ಹೋಗುತ್ತಾರೆ. ಊರಲ್ಲಿ ಉಳಿಯುವ ಅರ್ಧವನ್ನು ನೋಡಿಕೊಳ್ಳುವವರು ನನ್ನ ಆಯಿ, ಅಂದರೆ ಅಪ್ಪನ ತಾಯಿ, ಮತ್ತು ಅಪ್ಪನ ತಮ್ಮನಾದ ಕಾಕಾ. ಹೋದ ವರ್ಷ ಮೊದಲ ದೊಡ್ಡ ಮಳೆ ಬಿದ್ದು ಬದುವಿನ ಮೇಲೆ ಎಳೆ ಹುಲ್ಲು ಎದ್ದಾಗ ಆ ಅರ್ಧದಲ್ಲಿ ಹನ್ನೊಂದು ಸತ್ತವು. ಹಸಿ ಹುಲ್ಲನ್ನು ಹೊಟ್ಟೆ ಬಿರಿಯುವಷ್ಟು ತಿಂದ ಕುರಿಯ ಕರುಳಿನಲ್ಲಿ ವಿಷ ಏಳುವ ರೋಗ ಅದು. ಬಡಕಲು ಕುರಿ ಉಳಿಯುತ್ತದೆ, ಚೆನ್ನಾಗಿ ಮೇಯುವ ಕುರಿಯೇ ಮೊದಲು ಬೀಳುತ್ತದೆ. ಆಯಿ ಮೂರು ದಿನ ಊಟ ಮಾಡಲಿಲ್ಲ. ಸತ್ತದ್ದರಲ್ಲಿ ಆಕೆ ಬಾಟಲಿ ಹಾಲು ಕುಡಿಸಿ ಬೆಳೆಸಿದ ಒಂದು ಕಪ್ಪು ಕುರಿಯೂ ಇತ್ತು.

ಹಾಗಂತ ಲಸಿಕೆ ಹಾಕಿಸಿರಲಿಲ್ಲವೆಂದಲ್ಲ. ಹಾಕಿಸಿದ್ದರು. ಕಾಕಾ ಅದನ್ನು ಸೊಲ್ಲಾಪುರದಿಂದ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಅಂಗೈಯಷ್ಟು ಬರ್ಫದ ಜೊತೆ ತಂದಿದ್ದ. ಊರು ಮುಟ್ಟುವಾಗ ಚೀಲದಲ್ಲಿ ಬೆಚ್ಚಗಿನ ನೀರಿತ್ತು. ಚುಚ್ಚಿದ್ದು ಲಸಿಕೆಯಲ್ಲ, ನೀರು ಎಂದು ದನದ ಡಾಕ್ಟರು ಆಮೇಲೆ ಹೇಳಿದರು. ಎರಡರಿಂದ ಎಂಟು ಡಿಗ್ರಿಯೊಳಗೇ ಇರಬೇಕಂತೆ. ಬೆಚ್ಚಗಾದರೂ ಕೆಟ್ಟಿತು, ಹೆಪ್ಪುಗಟ್ಟಿದರೂ ಕೆಟ್ಟಿತು.

ಈ ವರ್ಷ ತರುವ ಕೆಲಸ ನನಗೆ ಬಿತ್ತು. ಎಷ್ಟು ಕುರಿಗೆ ಬೇಕು ಎಂದು ಫೋನಿನಲ್ಲಿ ಕೇಳಿದೆ.

"ಅರವತ್ಮೂರು," ಎಂದಳು ಆಯಿ.

"ಆಯಿ, ಹೋದ ವಾರ ನಾನಽ ಎಣಿಸೀನಿ. ಎಪ್ಪತ್ತೊಂದ ಅದಾವ."

"ಹಾಲು ಕುಡಿಯೋ ಮರೀನೂ ಎಣಿಸಿದಿ ಏನ್? ಅವ್ವನ ಬುಡಕ ಇರೋ ತನಕಾ ಅದು ಅವ್ವನಽ. ಹಾಲು ಬಿಡಿಸಿದ ಮ್ಯಾಲೆ ಎಣಿಸೋದು. ಸಾಲಿ ಕಲಿತವರಿಗಿ ಇಷ್ಟೂ ತಿಳಿಯಂಗಿಲ್ಲಲಾ!"

ನಮ್ಮ ಮನೆಯ ಎಣಿಕೆಯೇ ಹಾಗೆ. ಸಂಜೆ ಹಟ್ಟಿಯ ಮುಳ್ಳುಬೇಲಿಯ ಸಂದಿಯಲ್ಲಿ ಆಯಿ ನಿಲ್ಲುತ್ತಾಳೆ. ಒಳಗೆ ಹೋಗುವ ಒಂದೊಂದು ಕುರಿಯ ಬೆನ್ನು ಮುಟ್ಟುತ್ತಾಳೆ. ತಾಯಿಯ ಪಕ್ಕದಲ್ಲಿ ನುಸುಳುವ ಮರಿಯನ್ನು ಮುಟ್ಟುವುದಿಲ್ಲ. ತಾಯಿ, ಮರಿ ಎರಡೂ ಸೇರಿ ಒಂದು. ನನಗಿದು ಸೋಮಾರಿ ಲೆಕ್ಕ ಎನಿಸುತ್ತಿತ್ತು. ಡೈರಿಯಲ್ಲಿ "63 (ಆಯಿ), 71 (ನಿಜ)" ಎಂದು ಬರೆದಿಟ್ಟೆ.

ಎರಡು ದಿನ ಮೊದಲು, ಜೂನ್ 7ರಂದು, ಕೋಣೆಯಲ್ಲೇ ಒಂದು ಪರೀಕ್ಷೆ ಮಾಡಿದ್ದೆ. ಅದೇ ಡಬ್ಬಿ, ಅವೇ ನಾಲ್ಕು ಬಾಟಲಿ. ನಾಲ್ಕು ಗಂಟೆ ಬಿಟ್ಟು ಮುಚ್ಚಳ ತೆಗೆದು, ಬಾಟಲಿಗಳಲ್ಲಿ ಕರಗಿದ ನೀರನ್ನಷ್ಟೇ ಬಸಿದು ತೂಗಿದೆ. 880 ಗ್ರಾಂ. ಅಂದರೆ ಗಂಟೆಗೆ 220. ಇದರ ಹಿಂದಿರುವುದು ನಮಗೆ ಕಾಲೇಜಿನಲ್ಲಿ ಕಲಿಸಿದ ಉಷ್ಣಗತಿಶಾಸ್ತ್ರದ ಮೊದಲ ನಿಯಮ. ಮುಚ್ಚಿದ ವ್ಯವಸ್ಥೆ ಎಂದರೆ ವಸ್ತು ಒಳಗೆ ಬರದ, ಹೊರಗೆ ಹೋಗದ, ಶಕ್ತಿ ಮಾತ್ರ ದಾಟಬಹುದಾದ ಒಂದು ಆವರಣ. ಅದರೊಳಗೆ ಬಂದ ಉಷ್ಣ ಎಲ್ಲಿಯೂ ಕಳೆದುಹೋಗುವುದಿಲ್ಲ. ಒಂದೋ ಒಳಗಿನ ಶಕ್ತಿಯನ್ನು ಹೆಚ್ಚಿಸುತ್ತದೆ, ಇಲ್ಲವೇ ವ್ಯವಸ್ಥೆ ಹೊರಗೆ ಮಾಡುವ ಕೆಲಸವಾಗಿ ಖರ್ಚಾಗುತ್ತದೆ. ನನ್ನ ಡಬ್ಬಿ ಯಾವ ಕೆಲಸವನ್ನೂ ಮಾಡುವುದಿಲ್ಲ, ಏನನ್ನೂ ತಳ್ಳುವುದಿಲ್ಲ, ಎತ್ತುವುದಿಲ್ಲ. ಹಾಗಾಗಿ ಗೋಡೆ ದಾಟಿ ಬಂದ ಉಷ್ಣವೆಲ್ಲ ಬರ್ಫವನ್ನು ಕರಗಿಸುವುದರಲ್ಲೇ ಸಿಗಬೇಕು. ಒಂದು ಗ್ರಾಂ ಬರ್ಫ ಕರಗಲು 334 ಜೂಲ್. ಕರಗಿದ ನೀರನ್ನು ತೂಗಿದರೆ ಬಂದ ಉಷ್ಣವನ್ನೇ ತೂಗಿದಂತೆ. ಬರ್ಫ ಉಳಿದಿರುವ ತನಕ ಒಳಗೆ ತಂಪು ಉಳಿದಿರುತ್ತದೆ.

ಇಷ್ಟು ತಿಳಿದೂ ಹೋದ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನನಗೆ ಏಳರಲ್ಲಿ ಒಂದು ಅಂಕ ಬಂದಿತ್ತು. ಸಿಲಿಂಡರಿನೊಳಗಿನ ಗಾಳಿಯನ್ನು ವ್ಯವಸ್ಥೆ ಎಂದುಕೊಂಡು ಶುರು ಮಾಡಿದ್ದೆ. ಅರ್ಧದಲ್ಲಿ ಅದನ್ನು ಕಾಯಿಸುವ ಒಲೆಯನ್ನೂ ಒಳಗೆ ಸೇರಿಸಿಕೊಂಡು ಲೆಕ್ಕ ಕೆಡಿಸಿದ್ದೆ. ಮೊದಲು ಚುಕ್ಕೆಗೆರೆ ಎಳೆದು ಯಾವುದು ಒಳಗೆ, ಯಾವುದು ಹೊರಗೆ ಎಂದು ಹೇಳು, ಆಮೇಲೆ ಪೆನ್ನು ಮುಟ್ಟು ಎಂದು ನಮ್ಮ ಸರ್ ಉತ್ತರಪತ್ರಿಕೆಯ ಮೇಲೆ ಕೆಂಪಿನಲ್ಲಿ ಬರೆದಿದ್ದರು. ಈ ಸಲ ನಾನು ಮೊದಲೇ ಗೆರೆ ಎಳೆದಿದ್ದೆ. ಡಬ್ಬಿಯ ಗೋಡೆಯೇ ಗೆರೆ. ಮುಚ್ಚಳ ಹಾಕಿದರೆ ವ್ಯವಸ್ಥೆ ಮುಚ್ಚಿತು. ಊರು ಮುಟ್ಟುವ ತನಕ ತೆರೆಯುವಂತಿಲ್ಲ.

ನವಿ ಪೇಠದ ಹತ್ತಿರದ ದನದ ಔಷಧಿ ಅಂಗಡಿಯಲ್ಲಿ 9.45ಕ್ಕೆ ಲಸಿಕೆಯ ಎರಡು ಬಾಟಲಿ ತೆಗೆದುಕೊಂಡೆ. ಅವನ್ನು ಒಳಗಿಡಲು ಮುಚ್ಚಳ ತೆಗೆದದ್ದು ಇಪ್ಪತ್ತು ಸೆಕೆಂಡು. ಇನ್ನೊಂದು ಸರಕು ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಅಂಗಡಿಯವನು ಕೈಯಾಡಿಸಿದ, ಹೇಳುವಂತಿಲ್ಲ ಎಂದ. ಲಸಿಕೆ ಮೈಗೆ ಹತ್ತಲು ಹದಿನೈದು ದಿನ ಬೇಕು. ಮೃಗಶಿರಾ ಮಳೆ ಬಾಗಿಲಲ್ಲಿತ್ತು. ಅಂದರೆ ಈ ಎರಡು ಬಾಟಲಿ ಕೆಟ್ಟರೆ ಈ ವರ್ಷವೂ ಅಷ್ಟೇ.

ಮೀನಿನ ತೊಟ್ಟಿಗೆ ಬಳಸುವ ಉದ್ದ ತಂತಿಯ ಥರ್ಮಾಮೀಟರ್ ನನ್ನ ಹತ್ತಿರ ಇತ್ತು. ಅದರ ತುದಿಯನ್ನು ಮುಚ್ಚಳದ ಕೆಳಗೆ ಟೇಪಿನಿಂದ ಅಂಟಿಸಿ, ಅಂಕಿ ಕಾಣುವ ಭಾಗವನ್ನು ಹೊರಗಿಟ್ಟಿದ್ದೆ. ಮೇಲೆ ಮನೆಯ ಒಂದು ಅರ್ಧ ಕಂಬಳಿ ಸುತ್ತಿದ್ದೆ. ಅಕ್ಕಲಕೋಟದ ಬಸ್ಸಿನಲ್ಲಿ 10.20ಕ್ಕೆ ಕುಳಿತೆ. ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರೆದೆ. 3.2, 3.2, 3.4, 3.3. ಕಂಡಕ್ಟರ್ ಡಬ್ಬಿಯನ್ನೂ ಕಂಬಳಿಯನ್ನೂ ನೋಡಿ ಮಗು ಇದೆಯೇ ಎಂದು ಕೇಳಿದ. ಲಸಿಕೆ ಎಂದೆ. ಹಾಗಿದ್ದರೆ ಟಿಕೆಟ್ ಬೇಡ ಎಂದು ನಕ್ಕು ಮುಂದೆ ಹೋದ.

ಅಕ್ಕಲಕೋಟದ ಸ್ಟ್ಯಾಂಡಿನ ಹೊರಗೆ 11.40ಕ್ಕೆ ಕಾಕಾ ಮೋಟರ್‌ಸೈಕಲ್ ಜೊತೆ ನಿಂತಿದ್ದ. ಹಿಂದಿನ ಸೀಟಿನ ಅರ್ಧದಲ್ಲಿ ಕುರಿಗೆ ತಿನ್ನಿಸುವ ಹಿಂಡಿಯ ಚೀಲ.

"ಏ ತಂಗಿ, ಈ ಉರಿ ಬಿಸಲಾಗ ಔಷಧಕ್ಕ ಕಂಬಳಿ ಹೊಚ್ಚಿದೆಲಾ! ಬೆವತು ಸಾಯ್ತೈತದು."

"ಕಾಕಾ, ಕಂಬಳಿ ಬಿಸಿ ಮಾಡಂಗಿಲ್ಲ. ಹೊರಗಿನ ಬಿಸಿ ಒಳಗ ಬಿಡಂಗಿಲ್ಲ, ಅಷ್ಟಽ."

"ನಾ ಹುಟ್ಟಿದಾಗಿಂದ ಕಂಬಳ್ಯಾಗ ಮಲಗೀನಿ. ನೀ ನನಗ ಕಂಬಳಿ ಕಲಸ್ತೀ?"

"ನಿನ್ನ ಮೈಯಾಗ ಬಿಸಿ ಐತಿ, ಅದು ಹೊರಗ ಹೋಗಂಗಿಲ್ಲ. ಇದರಾಗ ತಂಪ ಐತಿ."

"ಹಂಗಾರ ನನ್ನ ಮೈಯಾಗ ಬರ್ಫ ತುಂಬು," ಎಂದು ಕಾಕಾ ಕಿಕ್ ಹೊಡೆದ. "ಬಾ, ಕುಂದರು. ಡಬ್ಬಿ ತೊಡಿ ಮ್ಯಾಲ ಇಟ್ಕೊ."

ಇಲ್ಲಿ ನಾನು ಕಾಕಾನ ಮಾತು ಕೇಳಬೇಕಾಗಿತ್ತು. ಆದರೆ ಹಿಂಡಿಯ ಚೀಲದ ಮೇಲೆ ಕೂತು, ತೊಡೆಯ ಮೇಲೆ ಡಬ್ಬಿ ಹಿಡಿದು ಆ ರಸ್ತೆಯ ತಗ್ಗುಗಳನ್ನು ದಾಟಿದರೆ ಬಾಟಲಿಗಳು ಒಡೆದಾವು ಎನಿಸಿತು. ಡಬ್ಬಿಯನ್ನು ಮುಂದೆ ಪೆಟ್ರೋಲ್ ಟಾಕಿಯ ಮೇಲೆ ಇಡು, ಎರಡೂ ಮೊಣಕೈಗಳ ನಡುವೆ ಹಿಡಿದುಕೋ ಎಂದೆ. ಕಾಕಾ ಬೇಡವೆಂದ. ನಾನು ಹಟ ಮಾಡಿದೆ. ಕಂಬಳಿಯ ಗಂಟು ಕೆಳಗೆ ಬಂದು ಡಬ್ಬಿ ನೆಟ್ಟಗೆ ಕೂರಲಿಲ್ಲ. ನಾನೇ ಗಂಟನ್ನು ಮೇಲಕ್ಕೆ ತಂದು ಕಟ್ಟಿದೆ. ಡಬ್ಬಿಯ ತಳ ಬರಿದಾಯಿತು. ಅದನ್ನು ಆಗ ಗಮನಿಸಲಿಲ್ಲ.

ನಲವತ್ತೈದು ನಿಮಿಷದ ಹಾದಿ. ಹಿಂದೆ ಕೂತ ನನಗೆ ಅಂಕಿ ಕಾಣುತ್ತಿರಲಿಲ್ಲ. ಈ ನಲವತ್ತೈದು ನಿಮಿಷ ಡೈರಿಯಲ್ಲಿ ಖಾಲಿಯಿದೆ.

12.35ಕ್ಕೆ ಹಟ್ಟಿಯ ಮುಂದೆ ಇಳಿದೆವು. ಅಂಕಿ 5.1. ಏರಿತ್ತು, ಆದರೆ ಎಂಟರ ಒಳಗಿತ್ತು. ಉಸಿರು ಬಿಟ್ಟೆ. ಡಬ್ಬಿಯನ್ನು ಬೇವಿನ ಮರದ ನೆರಳಲ್ಲಿಟ್ಟು, ಮುಖ ತೊಳೆಯಲು ನೀರಿನ ಕೊಡದ ಕಡೆ ಹೋದೆ. ಡಾಕ್ಟರು ಒಂದು ಗಂಟೆಗೆ ಬರುವವರಿದ್ದರು.

ತಿರುಗಿ ಬಂದಾಗ ಆಯಿ ಹಟ್ಟಿಯ ಮೂಲೆಯಲ್ಲಿರುವ, ಕುರಿ ಕಾಯುವ ನಮ್ಮ ಮನೆದೇವರು ಬೀರೋಬಾನ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಮುಂದೆ ಡಬ್ಬಿ. ಕಂಬಳಿ ಬಿಚ್ಚಿ ಪಕ್ಕಕ್ಕೆ ಮಡಚಿಟ್ಟಿದ್ದಳು. ಮುಚ್ಚಳ ನೆಲದ ಮೇಲೆ ಬಿಸಿಲಲ್ಲಿ ಬಿದ್ದಿತ್ತು. ಆಯಿ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತ, ಚಿಟಿಕೆ ಚಿಟಿಕೆಯಾಗಿ ಭಂಡಾರವನ್ನು, ಅಂದರೆ ದೇವರ ಅರಿಶಿನದ ಪುಡಿಯನ್ನು, ಡಬ್ಬಿಯೊಳಗೆ ಉದುರಿಸುತ್ತಿದ್ದಳು.

ನನಗೆ ಗೊತ್ತಿರಬೇಕಾಗಿತ್ತು. ಕುರಿಗೆ ತಂದ ಹೊಸದು ಯಾವುದೇ ಇರಲಿ, ಉಣ್ಣೆ ಕತ್ತರಿಸುವ ಕತ್ತರಿ, ಟಗರಿನ ಕೊರಳ ಗಂಟೆ, ಜಂತಿನ ಔಷಧಿ, ಮೊದಲು ಬೀರೋಬಾನಿಗೆ ತೋರಿಸಿ ಭಂಡಾರ ಹಾಕದೆ ನಮ್ಮ ಹಟ್ಟಿಯೊಳಗೆ ಹೋಗುವುದಿಲ್ಲ. ಮುಚ್ಚಿದ್ದನ್ನು ತೋರಿಸುವಂತಿಲ್ಲ. ಬಾಯಿ ತೆರೆದೇ ಇಡಬೇಕು. ಹೋದ ವರ್ಷ ಕಾಕಾ ಅವಸರದಲ್ಲಿ ಇದನ್ನು ತಪ್ಪಿಸಿದ್ದ. ಹನ್ನೊಂದು ಕುರಿ ಸತ್ತದ್ದಕ್ಕೆ ಡಾಕ್ಟರು ಬೆಚ್ಚಗಿನ ನೀರಿನ ಕಾರಣ ಹೇಳಿದರೆ, ಆಯಿ ಈ ಕಾರಣ ಹೇಳುತ್ತಿದ್ದಳು. ಅಷ್ಟೆಲ್ಲ ಬರೆದಿಡುವ ನಾನು ಇದೊಂದನ್ನು ಬರೆದಿಟ್ಟಿರಲಿಲ್ಲ.

"ಆಯಿ! ಏನ್ ಮಾಡಿದಿ ನೀ! ಎಲ್ಲಾ ಹಾಳ ಮಾಡಿದೆಲಾ!"

ಆಯಿಯ ಕೈ ಗಾಳಿಯಲ್ಲೇ ನಿಂತಿತು. ನಾನು ಮುಚ್ಚಳ ಎತ್ತಿಕೊಂಡೆ. ಅದರ ಕೆಳಗೆ ಅಂಟಿಸಿದ್ದ ತುದಿಯೂ ಬಿಸಿಲಲ್ಲೇ ಇತ್ತು. ಅಂಕಿ 36.8. ಮುಚ್ಚಳ ಹಾಕಿದೆ. 12.44. ಆಯಿಯನ್ನು ಕೇಳಿದೆ, ಎಷ್ಟು ಹೊತ್ತಾಯಿತು ತೆರೆದು?

"ಐದ ಸಲ ದೇವರ ಹೆಸರ ತಗೊಂಡ್ನಿ. ಅಷ್ಟಽ." ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಔಷಧ ಕೆಟ್ತೇನ ಯವ್ವಾ?"

ನಾನು ಡೈರಿ ತೆಗೆದೆ. ಐದು ಸಲವನ್ನು ನಾಲ್ಕು ನಿಮಿಷ ಎಂದು ಬರೆದೆ.

ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ, 12.47ಕ್ಕೆ ಬಂದರು. ಗಾಡಿಯಿಂದ ಇಳಿದು ನೇರ ಡಬ್ಬಿಯ ಹತ್ತಿರ ಹೋಗಿ ಅಂಕಿ ನೋಡಿದರು. 12.6.

"ಹನ್ನೆರಡೂವರಿ? ಎಂಟ ಅಂತ ನಾ ಮರಾಠಿಯೊಳಗೂ ಹೇಳೀನಿ, ಕನ್ನಡದೊಳಗೂ ಹೇಳೀನಿ. ಇನ್ನ ಯಾವ ಭಾಷಾದಾಗ ಹೇಳ್ಲಿ?"

ಕಾಕಾ ತಲೆ ಕೆರೆದುಕೊಂಡು ಹೇಳಿದ, "ಸಾಹೇಬ್ರ, ನಮ್ಮ ಆಯಿ ಪೂಜಾ ಮಾಡ್ಯಾಳ್ರಿ."

"ಪೂಜಾ ಮಾಡೋದು ಮಾಡ್ಲಿ. ಉಗಾಚ್ ಕುರಿಗಿ ನೀರು ಚುಚ್ಚಿ, ಆಮ್ಯಾಲೆ ತಪ್ಪು ನನ್ನ ಹೆಸರಿಗಿ ಹಚ್ಚಬ್ಯಾಡ್ರಿ. ಹೋದ ವರ್ಸದ್ದು ಸಾಕಾತು ನನಗ." ಅವರು ಚೀಲದ ಜಿಪ್ಪು ಎಳೆದು ಮುಚ್ಚಿದರು.

ಆಯಿ ಬೇಲಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ಒಂದು ಕುರಿ ಬಂದು ಅವಳ ಸೀರೆಯನ್ನು ಮೂಸಿತು. ಅದರ ಹೊಟ್ಟೆಯ ಕೆಳಗೆ ಮರಿ ಮೊಣಕಾಲೂರಿ ಹಾಲು ಕುಡಿಯುತ್ತಿತ್ತು, ಬಾಲ ಜೋರಾಗಿ ಅಲುಗುತ್ತಿತ್ತು. ಏನು ಮಾಡಬೇಕೆಂದು ತಿಳಿಯದೆ ನಾನು ಅದನ್ನೇ ನೋಡುತ್ತ ನಿಂತೆ. ತಾಯಿಯಿಂದ ಮರಿಗೆ ಹಾಲು ಹೋಗುತ್ತಿದೆ. ಆಯಿಯ ಲೆಕ್ಕದಲ್ಲಿ ಇದರಿಂದ ಏನೂ ಬದಲಾಗುವುದಿಲ್ಲ. ಯಾಕೆಂದರೆ ಆಯಿ ಗೆರೆಯನ್ನು ಎರಡನ್ನೂ ಸೇರಿಸಿ ಸುತ್ತ ಎಳೆದಿದ್ದಾಳೆ. ನಾನು ಒಂದೊಂದರ ಸುತ್ತ ಎಳೆದಿದ್ದೆ. ಎರಡೂ ಸರಿ. ಗೆರೆ ಎಲ್ಲಿ ಎಂದು ಹೇಳಿಬಿಟ್ಟರೆ ಸಾಕು.

ಆಗ ಹೊಳೆಯಿತು. ನಾನು ಡಬ್ಬಿಯ ಗೋಡೆಯನ್ನೇ ಗೆರೆ ಎಂದುಕೊಂಡಿದ್ದೆ. ಹಾಗೆಂದೇ ಆಯಿ ಮುಚ್ಚಳ ತೆಗೆದಾಗ ನನ್ನ ವ್ಯವಸ್ಥೆ ಒಡೆದುಹೋಯಿತು ಎನಿಸಿತ್ತು. ಗೆರೆಯನ್ನು ಬಾಟಲಿಗಳ ಸುತ್ತ ಎಳೆದರೆ? ಬರ್ಫದ ನಾಲ್ಕು ಬಾಟಲಿಗಳಿಗೂ ಬಿರಟೆ ಬಿಗಿದಿದೆ. ಲಸಿಕೆಯ ಎರಡಕ್ಕೂ ರಬ್ಬರು, ಮೇಲೆ ಲೋಹದ ಮುಚ್ಚಳ. ಅವುಗಳಿಂದ ಒಂದು ಹನಿಯೂ ಹೊರಬಂದಿಲ್ಲ, ಅರಿಶಿನದ ಒಂದು ಕಣವೂ ಒಳಹೋಗಿಲ್ಲ. ಆಯಿ ತೆರೆದದ್ದು ಡಬ್ಬಿಯನ್ನು, ಬಾಟಲಿಯನ್ನಲ್ಲ. ಮುಚ್ಚಿದ ವ್ಯವಸ್ಥೆ ಮುಚ್ಚಿಯೇ ಇದೆ. ಕೇಳಬೇಕಾದ ಪ್ರಶ್ನೆ ಒಂದೇ, ಆ ನಾಲ್ಕು ನಿಮಿಷದಲ್ಲಿ ಅದರೊಳಗೆ ಉಷ್ಣ ಎಷ್ಟು ಹೋಯಿತು?

"ಸರ್, ಹತ್ತ ನಿಮಿಷ ತಡೀರಿ," ಎಂದೆ. ಡೈರಿಯನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲಕ್ಕೆ ಕೂತೆ.

ಡಬ್ಬಿಯಲ್ಲಿ ಖಾಲಿ ಜಾಗ ಹೆಚ್ಚೆಂದರೆ ಆರು ಲೀಟರ್. ಅಷ್ಟು ಗಾಳಿಯ ತೂಕ ಏಳು ಗ್ರಾಂ. ಹೊರಗಿನ ಬಿಸಿ ಗಾಳಿ ಒಳಗೆ ತುಂಬಿ ತಂಪಾಗುವಾಗ ಬಿಟ್ಟುಕೊಡುವುದು ಸುಮಾರು 250 ಜೂಲ್. ಅದರ ತೇವವೂ ಬಾಟಲಿಯ ಮೈಮೇಲೆ ಹನಿಯಾಗುವಾಗ ಅಷ್ಟೇ ಬಿಡಬಹುದು. ಒಟ್ಟು 500. ಅದು ಕರಗಿಸುವ ಬರ್ಫ ಒಂದೂವರೆ ಗ್ರಾಂ. ಆ ನಾಲ್ಕು ನಿಮಿಷದಲ್ಲಿ ಗಾಳಿ ಹತ್ತು ಸಲ ಬದಲಾಗಿದೆ ಎಂದೇ ಇಟ್ಟುಕೊಳ್ಳೋಣ. ಹದಿನೈದು ಗ್ರಾಂ. ಆಯಿಯ ಕೈಯ ಬಿಸಿಗೆ, ಬಿಸಿಲಲ್ಲಿ ಕಾದ ಮುಚ್ಚಳಕ್ಕೆ ಇನ್ನು ಐದು. ಇಪ್ಪತ್ತು ಗ್ರಾಂ, ನಾನು ತುಂಬಿದ್ದು 1800.

ಗುಣಾಕಾರವನ್ನು ಎರಡು ಸಲ ಮಾಡಿದೆ. ಎರಡನೆಯ ಸಲವೂ ಇಪ್ಪತ್ತೇ ಬಂದಾಗ ಅಳು ಬಂದಂತಾಯಿತು.

"ಸರ್, ಈ ಅಂಕಿ ಗಾಳೀದು. ಔಷಧದ್ದಲ್ಲ. ಮುಚ್ಚಳಕ್ಕ ಅಂಟಿಸೀನಿ ನೋಡ್ರಿ. ಬಾಟಲಿ ತುಂಬಾ ನೀರಿನಂಥಾದ್ದು ಐತಿ, ಅದು ನಾಕ ನಿಮಿಷಕ್ಕ ಬಿಸಿ ಆಗಂಗಿಲ್ಲ. ಒಂದ ಗ್ರಾಂ ಗಾಳಿ…"

"ಲೆಕ್ಚರ್ ಬ್ಯಾಡ ತಂಗಿ. ಔಷಧದ್ದ ತೋರ್ಸು."

ಮುಚ್ಚಳವನ್ನು ಒಂದು ಕಡೆ ಮಾತ್ರ ಎತ್ತಿ, ಟೇಪು ಕಿತ್ತು, ತಂತಿಯ ತುದಿಯನ್ನು ಎರಡು ಲಸಿಕೆ ಬಾಟಲಿಗಳ ನಡುವೆ ಸಿಕ್ಕಿಸಿ, ರಬ್ಬರ್ ಬ್ಯಾಂಡ್ ಹಾಕಿ, ಮತ್ತೆ ಮುಚ್ಚಿದೆ. ಡಾಕ್ಟರು ಕೈಗಡಿಯಾರ ನೋಡುತ್ತ ನಿಂತರು. ಕಾಕಾ ಬಗ್ಗಿ ಅಂಕಿಗಳನ್ನು ಗಟ್ಟಿಯಾಗಿ ಓದತೊಡಗಿದ, ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವ ಹಾಗೆ. ಹನ್ನೊಂದು. ಒಂಬತ್ತು. ಏಳು. ಆರು ಎರಡು. ಐದು. ನಾಲ್ಕು ಎಂಟು. ನಾಲ್ಕು ಆರು. ಅಲ್ಲಿಗೆ ನಿಂತಿತು. ಮೂರು ನಿಮಿಷ ಕಳೆದರೂ ನಾಲ್ಕು ಆರು. 1.02.

ಡಾಕ್ಟರು ತಾವೇ ಮುಚ್ಚಳ ತೆಗೆದು ಲಸಿಕೆಯ ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡರು. ಒಂದು ಬರ್ಫದ ಬಾಟಲಿಯನ್ನು ಎತ್ತಿ ಅಲುಗಿಸಿದರು. ಒಳಗೆ ಗಡ್ಡೆ ಟಕಟಕ ಬಡಿಯಿತು.

"ಬರ್ಫ ಇನ್ನೂ ಐತಲಾ!" ಎಂದರು. ಆಮೇಲೆ ಆಯಿಯ ಕಡೆ ತಿರುಗಿ, "ಆಯಿ, ಔಷಧ ಚಲೋ ಐತಿ. ಬರ್ರಿ, ಕುರಿ ಹಿಡೀರಿ. ನೀವು ಬಿಟ್ರ ಅವು ಯಾರ ಮಾತೂ ಕೇಳಂಗಿಲ್ಲ."

ಆಯಿ ತಿರುಗಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲು ಡಾಕ್ಟರರ ಹಣೆಗೆ ಭಂಡಾರ ಹಚ್ಚಿದಳು, ಆಮೇಲೆ ಕಾಕಾನಿಗೆ, ಕೊನೆಗೆ ನನಗೆ. ನನಗೆ ಹಚ್ಚುವಾಗ ಮಾತ್ರ ಸ್ವಲ್ಪ ಒತ್ತಿ ಹಚ್ಚಿದಳು.

1.10ರಿಂದ 1.50ರ ತನಕ ಚುಚ್ಚಿದರು, ಒಂದು ಬಾಟಲಿ ಮುಗಿಯುವ ತನಕ ಇನ್ನೊಂದು ಮುಚ್ಚಿದ ಡಬ್ಬಿಯಲ್ಲೇ ಇತ್ತು. ಹಾಲು ಕುಡಿಯುವ ಮರಿಗಳಿಗೆ ಈಗ ಬೇಡ, ಅವಕ್ಕೆ ಆಮೇಲೆ ನೋಡೋಣ ಎಂದರು ಡಾಕ್ಟರು. ಒಂದೊಂದು ಕುರಿಗೂ ಡೈರಿಯಲ್ಲಿ ಒಂದು ಗೀಟು ಹಾಕುತ್ತ ಹೋದೆ. ಮುಗಿದ ಮೇಲೆ ಎಣಿಸಿದರೆ ಗೀಟುಗಳು ಸರಿಯಾಗಿ ಅರವತ್ತಮೂರು. ಆಯಿಗೆ ತೋರಿಸಿದೆ. ಆಕೆಗೆ ಓದಲು ಬರುವುದಿಲ್ಲ, ಗೀಟು ಎಣಿಸಲು ಬರುತ್ತದೆ.

"ನಾ ಏನ್ ಹೇಳಿದ್ನಿ?" ಎಂದಳು.

ಡೈರಿಯಲ್ಲಿ 71ರ ಮುಂದಿದ್ದ "ನಿಜ" ಎಂಬುದನ್ನು ಹೊಡೆದುಹಾಕಿ "ನಾನು" ಎಂದು ಬರೆದೆ.

ಡಾಕ್ಟರು ಹೋದ ಮೇಲೆ, 1.55ಕ್ಕೆ, ನಾಲ್ಕೂ ಬಾಟಲಿಗಳ ನೀರನ್ನು ಒಂದು ಕೆಟಲಿಗೆ ಬಸಿದು ಕಿರಾಣಿ ಅಂಗಡಿಯ ಕಾಟಾದಲ್ಲಿ ತೂಗಿಸಿದೆ. 1 ಕಿಲೋ 470 ಗ್ರಾಂ. ಉಳಿದ ಬರ್ಫ 330. ಕೋಣೆಯ ಪರೀಕ್ಷೆಯ ಲೆಕ್ಕವನ್ನು ಹೊರಗಿನ ಬಿಸಿಲಿಗೆ ಸರಿಹೊಂದಿಸಿದರೆ ನಾಲ್ಕೂಮುಕ್ಕಾಲು ಗಂಟೆಗೆ 1190 ಕರಗಬೇಕಾಗಿತ್ತು. ಹೆಚ್ಚು ಕರಗಿದ್ದು 280. ಅದರಲ್ಲಿ ಬೀರೋಬಾನ ಪಾಲು ಇಪ್ಪತ್ತು. ಉಳಿದ 260 ಯಾರದು?

ಅದು ನನ್ನದು. ಡೈರಿಯಲ್ಲಿ ಖಾಲಿ ಬಿಟ್ಟ ಆ ನಲವತ್ತೈದು ನಿಮಿಷದ್ದು. ಇಂಜಿನ್ನಿನ ಮೇಲೆ, ಕಾದ ಪೆಟ್ರೋಲ್ ಟಾಕಿಯ ಮೇಲೆ, ತಳ ಬರಿದು ಮಾಡಿ ಡಬ್ಬಿ ಇಟ್ಟವಳು ನಾನು. ಆಯಿ ತೆರೆದ ಮುಚ್ಚಳಕ್ಕಿಂತ ನನ್ನ ಹಟ ಹದಿಮೂರು ಪಟ್ಟು ಬರ್ಫ ತಿಂದಿತ್ತು. ಕಾಕಾನ ಮಾತು ಕೇಳಿ ತೊಡೆಯ ಮೇಲೆ ಇಟ್ಟುಕೊಂಡಿದ್ದರೆ ಇದಾಗುತ್ತಿರಲಿಲ್ಲ.

ಹೋಗಿ ಆಯಿಗೆ ಇದನ್ನೇ ಹೇಳಿದೆ. ನಿನ್ನ ಮೇಲೆ ಉಗಾಚ್, ಸುಮ್ಮಸುಮ್ಮನೆ, ಸಿಟ್ಟು ಮಾಡಿದೆ ಎಂದೆ. ಆಯಿ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಎಷ್ಟ ಅಂದಿ ನಂದು?"

"ಇಪ್ಪತ್ತ ಗ್ರಾಂ."

"ಇಪ್ಪತ್ತ ಗ್ರಾಂ ಅಂದ್ರ?"

"ಒಂದ ನಿಂಬಿಕಾಯಿಗಿಂತ ಕಮ್ಮಿ."

"ಬೀರೋಬಾಗ ಅಷ್ಟೂ ಕೊಡಬಾರ್ದೇನ?" ಎಂದು ರೊಟ್ಟಿ ತಿರುವಿ ಹಾಕಿದಳು. ಕಾಕಾ ಹೊರಗಿನಿಂದಲೇ ಕೂಗಿದ, "ತಂಗಿ, ನಾ ಹೇಳಿದ್ದೂ ಬರಕೊ! ತೊಡಿ ಮ್ಯಾಲ ಇಟ್ಕೊ ಅಂದಿದ್ನಿ, ತಾರೀಖ ಹಾಕಿ ಬರಕೊ!" ಬರೆದುಕೊಂಡೆ. ತಾರೀಖಿನ ಜೊತೆ.

ದೊಡ್ಡ ಮಳೆ ಬಂದದ್ದು ಜೂನ್ 27ಕ್ಕೆ, ಲಸಿಕೆಯ ಹದಿನೆಂಟನೆಯ ದಿನ. ಜುಲೈ ಮೊದಲ ವಾರ ಬದುವೆಲ್ಲ ಹಸಿರಾಯಿತು. ನಾನು ಸೊಲ್ಲಾಪುರದಿಂದ ದಿನಾ ಬೆಳಿಗ್ಗೆ ಏಳು ಗಂಟೆಗೆ ಫೋನ್ ಮಾಡಿ ಎಷ್ಟು ಎಂದು ಕೇಳುತ್ತಿದ್ದೆ. ಆಯಿ ಅರವತ್ತಮೂರು ಎನ್ನುತ್ತಿದ್ದಳು. ಜುಲೈ 4, ಅರವತ್ತಮೂರು. ಜುಲೈ 5, ಅರವತ್ತಮೂರು. 9ಕ್ಕೆ ಆಯಿ ಫೋನ್ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿ, ಕುರಿ ಬಿಡುವ ಹೊತ್ತಿನಲ್ಲಿ ಯಾಕೆ ಕಾಡುತ್ತೀ ಎಂದು ಬೈದು, ಅರವತ್ತಮೂರು ಎಂದು ಇಟ್ಟುಬಿಟ್ಟಳು. ಹೋದ ವರ್ಷ ಆ ಹೊತ್ತಿಗೆ ಹನ್ನೊಂದೂ ಹೋಗಿದ್ದವು. ನಾನು ಮಂಚದ ಮೇಲೆ ಕೂತು ಗೋಡೆಗೆ ಒರಗಿ, ಆ ದಿನದ ಮೊದಲ ತಾಸಿಗೆ ಹೋಗದೆ ಸುಮ್ಮನೆ ಚಹಾ ಕುಡಿದೆ.

ಜುಲೈ 20ಕ್ಕೆ ಆಯಿ ತಾನಾಗಿ ಫೋನ್ ಮಾಡಿದಳು. ಸಂಖ್ಯೆ ಅರವತ್ತಾರಕ್ಕೆ ಏರಿದೆ, ಗಾಬರಿಯಾಗಬೇಡ ಎಂದಳು. ಮೂರು ಮರಿಗಳಿಗೆ ಹಾಲು ಬಿಡಿಸಿದ್ದಳು. ನನ್ನ ಲೆಕ್ಕದಲ್ಲಿ ಆಗಲೂ ಎಪ್ಪತ್ತೊಂದೇ. ಡೈರಿಯಲ್ಲಿ ಈಗ ಎರಡು ಕಾಲಂ ಇವೆ, ಎರಡರ ಮೇಲೂ ಗೆರೆ ಎಲ್ಲಿ ಎಳೆದಿದೆ ಎಂದು ಬರೆದಿದೆ.

ಒಂದು ಅಂಕಿ ಮಾತ್ರ ಇನ್ನೂ ಬಿಡಿಸಲಾಗಿಲ್ಲ. ಆ 260 ಗ್ರಾಂನಲ್ಲಿ ಟಾಕಿಯಿಂದ ತಳಕ್ಕೆ ಬಂದ ಉಷ್ಣ ಎಷ್ಟು, ಮೇಲಿನಿಂದ ಬಿದ್ದ ಬಿಸಿಲಿನದು ಎಷ್ಟು, ಗೊತ್ತಿಲ್ಲ. ಟಾಕಿಯೇ ಎಂದು ನನ್ನ ಊಹೆ, ಅಳೆದಿಲ್ಲ. ಕಪ್ಪು ಕಂಬಳಿಗೆ ಬದಲು ಬಿಳಿಯದನ್ನು ಸುತ್ತಿದ್ದರೆ ಬಿಸಿಲಿನ ಪಾಲು ಎಷ್ಟು ಕಡಿಮೆಯಾಗುತ್ತಿತ್ತು ಎಂಬುದೂ ತಿಳಿದಿಲ್ಲ. ಬೇಸಿಗೆಯಲ್ಲಿ ಲಸಿಕೆ, ಹಾಲು, ಮೀನು, ಏನನ್ನೇ ಆಗಲಿ ಮೋಟರ್‌ಸೈಕಲ್ ಮೇಲೆ ತಂಪಾಗಿ ಒಯ್ಯುವವರು, ಇದನ್ನು ಎಂದಾದರೂ ಅಳೆದವರು ಇದ್ದರೆ ದಯವಿಟ್ಟು ಬರೆದು ತಿಳಿಸಿ. ಡಬ್ಬಿಯನ್ನು ಎಲ್ಲಿ ಇಟ್ಟಿದ್ದಿರಿ, ಎಷ್ಟು ಹೊತ್ತು, ಬರ್ಫ ಎಷ್ಟು ಉಳಿಯಿತು, ಇಷ್ಟು ಸಾಕು. ಮುಂದಿನ ಜೂನ್ ಒಳಗೆ ಬಂದರೆ ನಮ್ಮ ಕುರಿಗಳಿಗೆ ಉಪಯೋಗವಾದೀತು.